ಮುಂಬೈ ಮೀಟಿಂಗ್ ಜೊತೆಗೆ ಕಲೆ: ಮಧ್ಯಾಹ್ನವೋ, ಸಂಜೆಯೋ, ಭಾನುವಾರವೋ?

ಆಫೀಸ್ ಕೆಲಸಕ್ಕೆ ಆಗಾಗ ಮುಂಬೈಗೆ ಹೋಗುತ್ತೇನೆ. ಮೊದಮೊದಲು ನಾನು ಕಂಡ ಮುಂಬೈ ಅಂದರೆ ವಿಮಾನ ನಿಲ್ದಾಣ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಹೋಟೆಲ್ ರೂಮು, ಅಷ್ಟೇ. ಅಷ್ಟು ದೂರ ಹೋಗಿ ಏನೂ ನೋಡದೆ ಬರೋದು ಮನಸ್ಸಿಗೆ ಕೊರೀತಿತ್ತು. ಹಾಗಾಗಿ ಮೂರು ಸಲ ಮೂರು ಥರ ಮಾಡಿ ನೋಡಿದೆ.

ಮೊದಲ ಸಲ, ಎರಡು ಮೀಟಿಂಗ್ ನಡುವಿನ ಬಿಡುವಲ್ಲಿ. ಅವತ್ತು ಕೆಲಸ ದಕ್ಷಿಣ ಮುಂಬೈನ ಫೋರ್ಟ್ ಪ್ರದೇಶದ ಕಡೆ ಇತ್ತು. ಹನ್ನೆರಡಕ್ಕೆ ಒಂದು ಮುಗೀತು, ಮುಂದಿನದು ಮೂರಕ್ಕೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 1922ರಲ್ಲಿ ತೆರೆದ ಮ್ಯೂಸಿಯಂ ಅದು, ಆಗಿನ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಶಿಲ್ಪಗಳಿರುವ ಕಡೆ ಕಾಲಿಟ್ಟರೆ ನಮ್ಮ ಐಹೊಳೆಯ ಬ್ರಹ್ಮ! ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಕಲ್ಲು, 7ನೇ ಶತಮಾನದ್ದು. ಬ್ರಹ್ಮನ ಸುತ್ತ ಋಷಿಗಳು, ಜೊತೆಗೆ ಹಂಸ. ಗುಡಿಯಲ್ಲೇ ಇದ್ದಿದ್ದರೆ ಕತ್ತು ನೋಯುವಷ್ಟು ಮೇಲೆ ನೋಡಬೇಕಿತ್ತು. ಇಲ್ಲಿ ಮುಖಾಮುಖಿ ನಿಂತು ಉಳಿಯ ಕೆಲಸ ನೋಡಬಹುದು. ನೋಡೋಕೆ ಶುರು ಮಾಡಿದ್ದೆ, ಫೋನ್ ಬಂತು. ಮೂರು ಗಂಟೆಯ ಮೀಟಿಂಗ್‌ಗೆ ಒಂದು ಲೆಕ್ಕ ಬದಲಾಯಿಸಬೇಕಂತೆ. ಹೆಗಲ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ತಲೆಯಲ್ಲಿ ಆ ಲೆಕ್ಕ. ಆಮೇಲೆ ಎದುರಿಗೆ ಏನಿದ್ದರೂ ಕಣ್ಣಿಗೆ ಬೀಳಲಿಲ್ಲ. ಇಂಥ ಬಿಡುವಿಗೆ ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಯೇ ವಾಸಿ. 1952ರಿಂದ ನಡೀತಿದೆ, ಟಿಕೆಟ್ ಇಲ್ಲ. ಅರ್ಧ ಗಂಟೆಯಲ್ಲಿ ಒಬ್ಬಿಬ್ಬರು ಕಲಾವಿದರ ಕೆಲಸ ನೋಡಿ ಬರಬಹುದು.

ಎರಡನೇ ಸಲ, ಸಂಜೆ. ಸಂಜೆ ಹೊತ್ತಿಗೆ ಮ್ಯೂಸಿಯಂ ಬಾಗಿಲು ಹಾಕಿರುತ್ತೆ ಅಂತ ಅದನ್ನು ಬಿಟ್ಟು ಬಯಲಿಗೆ ಹೋದೆ. ಐದೂವರೆಗೆ ಆಫೀಸ್ ಬಿಟ್ಟು ಬಾಂದ್ರಾದಲ್ಲಿ ಚರ್ಚ್‌ಗೇಟ್ ಲೋಕಲ್ ಹತ್ತಿದೆ. ಆ ಹೊತ್ತಲ್ಲಿ ರಶ್ ಎಲ್ಲ ಎದುರು ದಿಕ್ಕಿಗೆ, ಅದು ದೊಡ್ಡ ಅನುಕೂಲ. ಇಳಿದು ಸ್ವಲ್ಪ ನಡೆದರೆ ಓವಲ್ ಮೈದಾನ.

ಮೈದಾನದ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಹೈಕೋರ್ಟ್, ವಿಶ್ವವಿದ್ಯಾಲಯ, 1878ರಲ್ಲಿ ಮುಗಿದ ರಾಜಾಬಾಯಿ ಗಡಿಯಾರ ಗೋಪುರ. ಎಲ್ಲ ಚೂಪು ಕಮಾನಿನ ಕಲ್ಲಿನ ಕಟ್ಟಡಗಳು. ಗೋಪುರದ ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಬಂದವನೇ ಅಲ್ಲ ಅನ್ನೋದು ನನಗೆ ಇನ್ನೂ ಆಶ್ಚರ್ಯ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು: ಹಡಗಿನ ಹಾಗೆ ದುಂಡಗಾದ ಬಾಲ್ಕನಿಗಳು, ಕಿಟಕಿ ಮೇಲೆ ಹುಬ್ಬಿನಂಥ ಸಜ್ಜೆಗಳು. ಎರಡು ಕಾಲ ಎದುರುಬದುರು ನಿಂತ ಹಾಗಿದೆ. ಈ ಜೋಡಿಗೇ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು. ಇಳಿಬಿಸಿಲು ಡೆಕೊ ಮನೆಗಳ ಹಿಂದಿನಿಂದ ಬಂದು ಗೋಪುರದ ಕಲ್ಲಿಗೆ ಬೀಳುತ್ತೆ. ಆ ಇಪ್ಪತ್ತು ನಿಮಿಷಕ್ಕಾಗಿಯೇ ಐದೂವರೆಗೆ ಹೊರಡಬೇಕು. ಚಳಿಗಾಲದಲ್ಲಾದರೆ ಇನ್ನೂ ಬೇಗ. ಖರ್ಚು ಲೋಕಲ್ ಟಿಕೆಟ್ ಅಷ್ಟೇ. ಕೆಲಸ ಮುಗಿದಿರುತ್ತೆ, ಫೋನ್ ಬಂದರೂ ನಾಳೆ ನೋಡೋಣ ಅನ್ನಬಹುದು.

ಮೂರನೇದು, ಭಾನುವಾರ ಉಳಿದದ್ದು. ವಾಪಸ್ ಟಿಕೆಟ್ ಬುಕ್ ಆಗುವ ಮೊದಲೇ ಮ್ಯಾನೇಜರ್‌ಗೆ ಹೇಳಿದೆ, ಹೆಚ್ಚುವರಿ ರಾತ್ರಿಯ ರೂಮಿನ ದುಡ್ಡು ನಾನೇ ಕೊಟ್ಟೆ. ಹೋಗಿದ್ದು ಎಲಿಫೆಂಟಾ ದ್ವೀಪದ ಗುಹೆಗಳಿಗೆ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಆಮೇಲೆ ಮೆಟ್ಟಿಲು. ಸುಸ್ತಾಗುತ್ತೆ, ಆದರೆ ಗುಹೆಯೊಳಗೆ ಹೋದಾಗ ಆ ಸುಸ್ತು ನೆನಪಿರಲಿಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ನಿಧಾನಕ್ಕೆ ಮೂರು ಮುಖದ ಶಿವ, ಸದಾಶಿವ, ಕಾಣಿಸುತ್ತಾನೆ, ಹತ್ತಿರ ಹತ್ತಿರ 20 ಅಡಿ ಎತ್ತರ. ನಮ್ಮ ಎಡಕ್ಕೆ ಹಾವು ಹಿಡಿದ ಉಗ್ರ ಮುಖ, ಬಲಕ್ಕೆ ಕಮಲ ಹಿಡಿದ ಮೃದು ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಒಂದೇ ಬಂಡೆಯ ಕಲ್ಲು, ಆದರೂ ಮೃದು ಮುಖದ ಕೆನ್ನೆ ಬೇರೆ ಥರ ಕಾಣುತ್ತೆ. ಬಾದಾಮಿಯ ನಟರಾಜನನ್ನು ನೋಡಿದವರು ಇಲ್ಲಿಯ ಕೈ ಮುರಿದ ನಟರಾಜನ ಮುಂದೆಯೂ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಯಾರೂ ಫೋನ್ ಮಾಡಲಿಲ್ಲ. ಎರಡು ಗಂಟೆ ಕೂತಿದ್ದೆ.

ಒಂದೇ ಸಲ ಹೋಗುವವರಿಗೆ ನಾನು ಹೇಳೋದು ಭಾನುವಾರವೇ. ಸೋಮವಾರ ಉಳಿದು ಪ್ರಯೋಜನ ಇಲ್ಲ, ಎಲಿಫೆಂಟಾಕ್ಕೆ ಅವತ್ತು ರಜೆ. ಜೋರು ಮಳೆಗಾಲದಲ್ಲಿ ದೋಣಿಯನ್ನು ನಂಬಿ ಪ್ಲಾನ್ ಮಾಡಬೇಡಿ. ನನ್ನ ಹಾಗೆ ಪದೇ ಪದೇ ಹೋಗುವವರಿಗೆ ಸಂಜೆಯೇ ಸರಿ. ಯಾರನ್ನೂ ಕೇಳಬೇಕಿಲ್ಲ, ಪ್ರತಿ ಸಲವೂ ಆಗುತ್ತೆ. ಮಧ್ಯಾಹ್ನದ್ದನ್ನು ಮಾತ್ರ ಮತ್ತೆ ಮಾಡಲಾರೆ.

ಆದರೆ ಆ ಬ್ರಹ್ಮನನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೇನೆ ಅಲ್ವಾ. ಮುಂದಿನ ಮೀಟಿಂಗ್ ಶುಕ್ರವಾರ ಇಟ್ಟುಕೊಳ್ಳೋಣ ಅಂತ ಕೇಳಿದ್ದೇನೆ. ಶನಿವಾರ ಹತ್ತೂಕಾಲಕ್ಕೆ ಮ್ಯೂಸಿಯಂ ಬಾಗಿಲು ತೆಗೆಯುತ್ತೆ.