ಪೋರ್ಟ್ 80ರಲ್ಲಿ ಕೂತವರನ್ನು ಹಿಡಿದುಕೊಟ್ಟ ಲ್ಯಾಮಿಂಗ್ಟನ್ ರೋಡಿನ ಅಂಗಡಿ

ಮುಂಬೈಯ ಮಾಟುಂಗಾದಲ್ಲಿ ನಮ್ಮತ್ತೆ ಊಟದ ಡಬ್ಬಿ ಕಳಿಸುತ್ತಾರೆ. ಮರುದಿನದ ಆರ್ಡರ್ ಬರುವುದು ವೆಬ್‌ಸೈಟಿನಲ್ಲಿ, ಅದನ್ನು ನೋಡಿಕೊಳ್ಳುವವಳು ನಾನು. ಹೋದ ವಾರ ಸರ್ವರ್ ರೀಬೂಟ್ ಆದಮೇಲೆ ಸೈಟನ್ನು ಜನರಿಗೆ ತೋರಿಸುವ ಪ್ರೋಗ್ರಾಮ್ ಎನ್‌ಜಿನ್‌ಎಕ್ಸ್ ಏಳಲೇ ಇಲ್ಲ. ಲಾಗ್‌ನಲ್ಲಿ ಒಂದೇ ಮಾತು: 0.0.0.0:80ಕ್ಕೆ ಬೈಂಡ್ ಆಗಲಿಲ್ಲ, ಎರರ್ 98, ಅಡ್ರೆಸ್ ಆಲ್ರೆಡಿ ಇನ್ ಯೂಸ್. 80 ಅಂದರೆ ಸೈಟಿಗೆ ಬರುವವರಿಗೆ ಸರ್ವರಿನಲ್ಲಿರುವ ಬಾಗಿಲಿನ ನಂಬರ್, ಅದಕ್ಕೇ ಪೋರ್ಟ್ ಅನ್ನುವುದು. ಸರ್ವರ್ ಬಾಡಿಗೆ ಕೊಟ್ಟ ಕಂಪನಿಯವರು ಮೂರು ಸಲ ರೀಬೂಟ್ ಮಾಡಿಸಿದರು, ಆಮೇಲೆ ದೊಡ್ಡ ಪ್ಲಾನ್ ತಗೊಳ್ಳಿ ಅಂದರು. ತುಂಬಾ ಸಿಟ್ಟು ಬಂತು.

ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಈ ಕಂಪ್ಯೂಟರ್ ಅಂಗಡಿಗೆ ಬಂದೆ. ಅಂಗಡಿಯವರು ಕುಂದಾಪುರ ಕಡೆಯವರು. "ಇದಕ್ಕೆ ರೀಬೂಟ್ ಮದ್ದಲ್ಲ ಅಕ್ಕ, 80ರಲ್ಲಿ ಬೇರೆ ಯಾರೋ ಕೂತಿದ್ದಾರೆ, ಮೊದಲು ಅವರನ್ನು ನೋಡುವ" ಅಂದರು.

ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಮ್ ಕೂತಿದೆ ಅಂತ ತೋರಿಸುವ ಎಸ್‌ಎಸ್ -ಎಲ್‌ಟಿಎನ್‌ಪಿ ಕಮಾಂಡ್ ನಾನೂ ಮನೆಯಲ್ಲಿ ಹೊಡೆದಿದ್ದೆ, ಆದರೆ ಪೂರ್ತಿ ಅಧಿಕಾರ ಕೊಡುವ ಸುಡೋ ಹಾಕಿರಲಿಲ್ಲ, ಹಾಗಾಗಿ 80ರ ಸಾಲು ಬಂದರೂ ಪ್ರೋಗ್ರಾಮಿನ ಹೆಸರಿನ ಜಾಗ ಖಾಲಿ ಇತ್ತು. ಅವರು ಸುಡೋ ಸೇರಿಸಿ ಹೊಡೆದರು, ಅಪಾಚೆ2 ಅಂತ ಬಂತು, ಅದೂ ಸೈಟ್ ತೋರಿಸುವ ಇನ್ನೊಂದು ಪ್ರೋಗ್ರಾಮ್. ನಾನು ಅಪಾಚೆ ಹಾಕಿಯೇ ಇಲ್ಲ ಅಂದೆ. ಅವರು ವಾದ ಮಾಡಲಿಲ್ಲ, ಸುಮ್ನೆ ಪ್ರೋಗ್ರಾಮ್ ಹಾಕಿಕೊಡುವ ಆಪ್ಟ್‌ನ ಹಿಸ್ಟರಿ ಲಾಗ್ ತೆರೆದು ತೋರಿಸಿದರು. ಎರಡು ವಾರದ ಹಿಂದೆ ಬಿಲ್ಲಿಗೆಂದು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹಾಕಿದ್ದೆನಲ್ಲ, ಸರ್ವರಿನ ಆಪರೇಟಿಂಗ್ ಸಿಸ್ಟಮ್ ಉಬುಂಟುವಿನಲ್ಲಿ ಬರೀ ಪಿಎಚ್‌ಪಿ ಅಂತ ಕೇಳಿದರೆ ಅದರ ಬೆನ್ನಿಗೇ ಅಪಾಚೆಯೂ ಬರುತ್ತದೆ. ಅವತ್ತು 80 ಎನ್‌ಜಿನ್‌ಎಕ್ಸ್ ಕೈಯಲ್ಲಿತ್ತು, ಅಪಾಚೆಗೆ ಜಾಗ ಸಿಗಲಿಲ್ಲ. ರೀಬೂಟ್ ಆದಾಗ ಅದೇ ಮೊದಲು ಎದ್ದು ಕೂತಿತು. ಅಂದರೆ ಪ್ರತಿ ರೀಬೂಟಿಗೂ ನಾವೇ ಅದಕ್ಕೆ ದಾರಿ ಬಿಡುತ್ತಿದ್ದೆವು, ಅಲ್ವಾ?

ಅಪಾಚೆಯನ್ನು ಆ ಹೊತ್ತಿಗೆ ಬರೀ ಕಿಲ್ ಮಾಡಿ ನನ್ನನ್ನು ಕಳಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅಪಾಚೆ ಇಲ್ಲದೆಯೇ ಪಿಎಚ್‌ಪಿ ನಡೆಸುವ ಪಿಎಚ್‌ಪಿ-ಎಫ್‌ಪಿಎಂ ಹಾಕಿದರು, ಅಪಾಚೆಯನ್ನು ನಿಲ್ಲಿಸಿ, ರೀಬೂಟಿನಲ್ಲಿ ತಾನೇ ಏಳದಂತೆ ಡಿಸೇಬಲ್ ಮಾಡಿದರು, ನನ್ನ ಎದುರಿಗೇ ಇನ್ನೊಮ್ಮೆ ರೀಬೂಟ್ ಮಾಡಿ ಸೈಟ್ ತೆರೆದು ತೋರಿಸಿದರು. ಮನೆಯಲ್ಲಿ ಹೊಡೆದ ಪರೀಕ್ಷೆಯ ಕಮಾಂಡ್ ಎನ್‌ಜಿನ್‌ಎಕ್ಸ್ -ಟಿ ಯಾಕೆ ಎಲ್ಲ ಸರಿ ಇದೆ ಅಂತಿತ್ತು ಅಂತ ಕೇಳಿದೆ. ಅದು ನೋಡುವುದು ಸೆಟ್ಟಿಂಗ್ ಬರೆದಿಟ್ಟ ಕಾನ್ಫಿಗ್ ಫೈಲನ್ನು, ಪೋರ್ಟ್ ಇನ್ನೊಬ್ಬರ ಕೈಯಲ್ಲಿದ್ದರೆ ಅದು ತಕರಾರು ಮಾಡುವುದಿಲ್ಲವಂತೆ. ಎರರ್ 98ರ ಬದಲು 13 ಬಂದರೆ ಅದು ಬೇರೆ ರೋಗ, ಪರ್ಮಿಷನ್‌ದು. ಹೆಚ್ಚಾಗಿ 1024ಕ್ಕಿಂತ ಕೆಳಗಿನ ಪೋರ್ಟನ್ನು ರೂಟ್, ಅಂದರೆ ಪೂರ್ತಿ ಅಧಿಕಾರ, ಇಲ್ಲದೆ ಕೇಳಿದಾಗ ಬರುತ್ತದೆ.

600 ರೂಪಾಯಿ ತಗೊಂಡರು. ಅವತ್ತು ರಾತ್ರಿಯ ಆರ್ಡರ್ ಒಂದೂ ತಪ್ಪಲಿಲ್ಲ. ಜಾಗ ಚಿಕ್ಕದು, ಶನಿವಾರ ಜನ ಜಾಸ್ತಿ, ಮುಕ್ಕಾಲು ಗಂಟೆ ನಿಂತೇ ಕಾಯಬೇಕಾಯಿತು. ಹೋಗುವಾಗ ಸರ್ವರಿನ ಲಾಗಿನ್ ಕೈಯಲ್ಲಿರಲಿ. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ ಅವರು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ ಆಚೆ ನೋಡುತ್ತಾರೆ.