ಹಿತ್ತಲಿನ ಗ್ಯಾಸ್ ಪ್ಯಾಕ್: ನಾಲ್ಕು ಚಳಿಗಾಲ ಆದ ಮೇಲೆ

ಇದನ್ನು ಹಾಕಿಸಿದ್ದು 2022ರ ಏಪ್ರಿಲ್‌ನಲ್ಲಿ. ನಾಲ್ಕು ಬೇಸಿಗೆ, ನಾಲ್ಕು ಚಳಿಗಾಲ ಕಳೆದಿವೆ. ಹಾಕಿಸಿದ ವಾರವೇ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಈಗ ಸಿಟ್ಟು ಇಳಿದಿದೆ, ಬರೆಯಬಹುದು.

ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. 1980ರ ದಶಕದ ಒಂದಂತಸ್ತಿನ ಮನೆ. ನೆಲದ ಕೆಳಗೆ ಬಗ್ಗಿಕೊಂಡು ಹೋಗುವಷ್ಟು ಖಾಲಿ ಜಾಗ ಇದೆ, ಇಲ್ಲಿ ಅದಕ್ಕೆ ಕ್ರಾಲ್‌ಸ್ಪೇಸ್ ಅನ್ನುತ್ತಾರೆ. ಕೋಣೆಗಳಿಗೆ ಗಾಳಿ ಒಯ್ಯುವ ಕೊಳವೆಗಳು, ಅಂದರೆ ಡಕ್ಟ್‌ಗಳೆಲ್ಲ ಅಲ್ಲೇ ಓಡುತ್ತವೆ. ಇಂಥ ಮನೆಗಳಿಗೆ ಈ ಕಡೆ ಜಾಸ್ತಿ ಹಾಕುವುದು ಗ್ಯಾಸ್ ಪ್ಯಾಕ್. ಅಂದರೆ ಚಳಿಗೆ ಗ್ಯಾಸ್ ಹೀಟರ್, ಸೆಕೆಗೆ ಕರೆಂಟಿನ ಏಸಿ, ಎರಡೂ ಒಂದೇ ತಗಡಿನ ಡಬ್ಬದೊಳಗೆ. ಡಬ್ಬ ಹಿತ್ತಲಲ್ಲಿ ಕೂರುತ್ತದೆ. ಮನೆಯೊಳಗೆ ಗೋಡೆಯ ಮೇಲಿನ ಥರ್ಮೋಸ್ಟಾಟ್ ಒಂದು ಬಿಟ್ಟರೆ ಏನೂ ಇಲ್ಲ. ನಮ್ಮದು 3 ಟನ್ನಿನದು, ಗ್ಯಾಸ್ ಕಡೆ 81 ಪರ್ಸೆಂಟ್ ಎಫಿಶಿಯೆನ್ಸಿ. ಉಳಿದ 19 ಬಿಸಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಬ್ರ್ಯಾಂಡ್ ಹೆಸರು ಬೇಡ. ಮುಚ್ಚಳ ತೆಗೆದು ನೋಡಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ, ನನ್ನ ತಕರಾರು ಇದ್ದದ್ದು ಕೂರಿಸಿದವರ ಮೇಲೆ.

ಕೂರಿಸಲು ಇಬ್ಬರು ಹುಡುಗರು ಬಂದಿದ್ದರು. ಬೆಳಿಗ್ಗೆ ಎಂಟಕ್ಕೆ ಶುರು, ಮೂರು ಗಂಟೆಗೆಲ್ಲ ಮುಗಿಸಿ ಹೊರಟೇ ಬಿಟ್ಟರು. ಹಳೇದು ಎತ್ತಿದ್ದು, ಹೊಸದು ಇಟ್ಟಿದ್ದು, ಗ್ಯಾಸ್ ಜೋಡಿಸಿದ್ದು, ಒಂದು ಸಲ ಹೀಟ್, ಒಂದು ಸಲ ಕೂಲ್ ಓಡಿಸಿ ತೋರಿಸಿದ್ದು, ಎಲ್ಲಾ ಸೇರಿ ಏಳು ಗಂಟೆ. ನನಗೂ ಖುಷಿಯೇ ಆಯಿತು. ಗುರುವಾರ ಅದು. ಟೌನಿನ ಇನ್‌ಸ್ಪೆಕ್ಟರ್ ಬರುವುದು ಸೋಮವಾರ ಅಂತ ಇತ್ತು.

ಆಗ ಅಮ್ಮ ದಾವಣಗೆರೆಯಿಂದ ಬಂದಿದ್ದರು. ಶನಿವಾರ ಬೆಳಿಗ್ಗೆ ಕರಿಬೇವಿನ ಕುಂಡಕ್ಕೆ ನೀರು ಹಾಕಲು ಹಿತ್ತಲಿಗೆ ಹೋದವರು ಚೊಂಬು ಹಿಡಿದುಕೊಂಡೇ ವಾಪಸ್ ಬಂದರು. "ಏನೋ ಇದು, ಅಲ್ಲಿ ಸಿಲಿಂಡರ್ ವಾಸನೆ ಬರ್ತೈತಲ್ಲೋ."

ನಾನು ಹೋಗಿ ನಿಂತೆ. ನನ್ನ ಮೂಗಿಗೆ ಏನೂ ಬರಲಿಲ್ಲ. ಹೊಸ ಮಷೀನು ಅಲ್ವಾ, ಪೇಂಟಿನ ವಾಸನೆ ಇರಬೇಕು ಅಂದೆ. ಅಮ್ಮ ಒಪ್ಪಲಿಲ್ಲ. ಮೂವತ್ತು ವರ್ಷ ಸಿಲಿಂಡರ್ ಬದಲಾಯಿಸಿದ ಮೂಗು ಅದು. ಪ್ರತಿ ಸಲ ರೆಗ್ಯುಲೇಟರ್ ಹಾಕಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡದೆ ಒಲೆ ಹಚ್ಚಿದವರಲ್ಲ. ಪೈಪಿನ ಗ್ಯಾಸಿಗೂ ನಮ್ಮ ಸಿಲಿಂಡರಿಗೂ ಒಳಗಿನ ಸರಕು ಬೇರೆ, ಆದರೆ ಎರಡಕ್ಕೂ ತಾನಾಗಿ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಒಂದು ಕೆಟ್ಟ ವಾಸನೆಯ ಕೆಮಿಕಲ್ ಬೆರೆಸಿರುತ್ತಾರೆ. ಎರಡನೇ ಸಲ ಬಗ್ಗಿ, ಡಬ್ಬದ ಪಕ್ಕದಲ್ಲೇ ಮೂಗಿಟ್ಟಾಗ ನನಗೂ ಹೊಡೆಯಿತು.

ಹೊರಗಿನ ಪೈಪಿನಲ್ಲಿ ಒಂದು ವಾಲ್ವ್ ಇರುತ್ತದೆ, ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಓಪನ್, ಅಡ್ಡ ತಿರುಗಿಸಿದರೆ ಬಂದ್. ಅಡ್ಡ ತಿರುಗಿಸಿದೆ. ಥರ್ಮೋಸ್ಟಾಟ್ ಆಫ್ ಮಾಡೋಣ ಅಂತ ಒಳಗೆ ಹೊರಟರೆ ಅಮ್ಮ ತಡೆದರು. ಸ್ವಿಚ್ ಮುಟ್ಟಬಾರದು ಅನ್ನುವುದು ಅವರಿಗೆ ಬಾಯಿಪಾಠ, ಆನ್ ಮಾಡುವುದೂ ಇಲ್ಲ, ಆಫ್ ಮಾಡುವುದೂ ಇಲ್ಲ. ಎಲ್ಲರೂ ರಸ್ತೆಗೆ ಬಂದು, ಪಕ್ಕದ ಮನೆಯ ಮುಂದೆ ನಿಂತು ಗ್ಯಾಸ್ ಕಂಪನಿಯ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಒಬ್ಬ ಬಂದ.

ಆತ ಮೀಟರ್ ಹಿಡಿದು ಮನೆ ಒಳಗೆ, ಕ್ರಾಲ್‌ಸ್ಪೇಸ್‌ನಲ್ಲಿ ನೋಡಿ ಬಂದ, ಅಲ್ಲೆಲ್ಲ ಏನೂ ಇರಲಿಲ್ಲ. ಆಮೇಲೆ ಸ್ಪ್ರೇ ಬಾಟಲಿ ತೆಗೆದ. ಸೋಪು ನೀರು! ಅಮ್ಮ ನನ್ನ ಮುಖ ನೋಡಿದರು. ವಾಲ್ವ್ ತೆರೆದು ಒಂದೊಂದೇ ಜಾಯಿಂಟಿಗೆ ಹೊಡೆಯುತ್ತಾ ಬಂದ. ಪೈಪು ತಿರುಗುವ ಎಲ್ಬೋ ಹತ್ತಿರ ಬಂದಾಗ ಕಬ್ಬಿಣದ ಪೈಪಿನ ತಿರುಪಿನ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಅದು ಒಡೆಯುವ ಮೊದಲೇ ಪಕ್ಕದಲ್ಲಿ ಇನ್ನೊಂದು, ಅದರ ಮೇಲೆ ಇನ್ನೊಂದು, ನೋಡನೋಡುತ್ತಾ ಸಬ್ಬಕ್ಕಿ ಬೆಂದ ಹಾಗೆ ಒಂದು ಗೊಂಚಲು. ವಾಲ್ವ್ ಮುಚ್ಚಿ, ಕೆಂಪು ಚೀಟಿ ಕಟ್ಟಿ, ಸರಿಮಾಡಿಸುವ ತನಕ ತೆರೆಯಬೇಡಿ ಅಂತ ಹೇಳಿ ಹೋದ.

ಸೋಮವಾರ ಇನ್‌ಸ್ಪೆಕ್ಟರ್ ಬಂದಾಗ ಇನ್ನೂ ಮೂರು ತಪ್ಪು ಸಿಕ್ಕವು.

ಮೊದಲನೆಯದು ಬಗ್ಗುವ ಹಳದಿ ಪೈಪು. ಹುಡುಗರು ಅದನ್ನು ತಗಡಿನ ತೂತಿನಲ್ಲಿ ತೂರಿಸಿ ನೇರ ಡಬ್ಬದೊಳಗಿನ ಗ್ಯಾಸ್ ವಾಲ್ವ್‌ಗೆ ಕೊಟ್ಟಿದ್ದರು. ಹಾಗೆ ಮಾಡುವಂತಿಲ್ಲ. ಒಳಗೆ ಫ್ಯಾನು, ಕಂಪ್ರೆಸರ್ ಓಡುವಾಗ ಎಲ್ಲವೂ ನಡುಗುತ್ತದೆ, ತಗಡಿನ ಅಂಚು ಗರಗಸದ ಹಾಗೆ ದಿನವೂ ಸ್ವಲ್ಪ ಸ್ವಲ್ಪ ಉಜ್ಜುತ್ತದೆ. ತಗಡು ದಾಟುವ ಕಡೆ ಗಟ್ಟಿ ಕಬ್ಬಿಣದ ಪೈಪೇ ಇರಬೇಕು. ಎರಡನೆಯದು, ಡ್ರಿಪ್ ಲೆಗ್ ಇರಲೇ ಇಲ್ಲ. ಪೈಪು ಡಬ್ಬದ ಕಡೆ ತಿರುಗುವ ಮೊದಲು ಕೆಳಮುಖವಾಗಿ ಕನಿಷ್ಠ 3 ಇಂಚಿನ ಒಂದು ತುಂಡು ಪೈಪು, ತುದಿಗೆ ಕ್ಯಾಪ್, ಅಷ್ಟೇ. ಪೈಪಿನೊಳಗಿನ ತುಕ್ಕು, ಕಸ, ತೇವ ಅಲ್ಲಿ ಬಿದ್ದುಕೊಳ್ಳಲಿ, ಗ್ಯಾಸ್ ವಾಲ್ವ್‌ಗೆ ಹೋಗದಿರಲಿ ಅಂತ. ಹತ್ತು ಡಾಲರಿನ ಕೆಲಸವೂ ಅಲ್ಲ ಅದು. ಮೂರನೆಯದಕ್ಕೆ ನನಗೆ ನಿಜವಾಗಿ ಬೆವರು ಬಂತು. ಹಳೇ ಯೂನಿಟ್‌ಗೆ 60 ಆಂಪಿನ ಬ್ರೇಕರ್ ಇತ್ತು, ಹುಡುಗರು ಅದನ್ನೇ ಬಿಟ್ಟಿದ್ದರು. ಹೊಸ ಯೂನಿಟ್‌ನ ಹೊಟ್ಟೆ ಮೇಲೆ ಅಂಟಿಸಿದ ಪ್ಲೇಟಿನಲ್ಲಿ ಗರಿಷ್ಠ 40 ಅಂತ ಸ್ಪಷ್ಟವಾಗಿ ಬರೆದಿದೆ. ಒಳಗೆ ಏನಾದರೂ ಕೆಟ್ಟು ಕರೆಂಟ್ ಜಾಸ್ತಿ ಎಳೆದರೆ ಬೀಳಬೇಕಾದ ಹೊತ್ತಿಗೆ ಬ್ರೇಕರ್ ಬೀಳದೇ ಇರಬಹುದು. ನೀವು ಬೇರೇನೂ ನೋಡದಿದ್ದರೂ ಆ ಪ್ಲೇಟಿನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ.

ಪರ್ಮಿಟ್ ಇಲ್ಲದೆ, ಅಂದರೆ ಈ ಇನ್‌ಸ್ಪೆಕ್ಟರ್ ಬರುವ ಗೋಜೇ ಇಲ್ಲದೆ ಮಾಡಿಕೊಟ್ಟರೆ ಮುನ್ನೂರು ಡಾಲರ್ ಕಡಿಮೆ ಅಂತ ಇನ್ನೊಬ್ಬ ಕಂಟ್ರಾಕ್ಟರ್ ಹೇಳಿದ್ದ. ನಾನು ಒಂದು ದಿನ ಯೋಚನೆ ಮಾಡಿದ್ದೆ ಕೂಡ, ಸುಳ್ಳು ಯಾಕೆ ಹೇಳಲಿ.

ನಾನು ಫೋನಿನಲ್ಲಿ ಸ್ವಲ್ಪ ಜೋರಾದ ಮೇಲೆ ಕೂರಿಸಿದ ಕಂಪನಿಯಿಂದಲೇ ಬೇರೆ ಮನುಷ್ಯ ಬಂದ. ಅರವತ್ತರ ಆಸುಪಾಸು, ಮಾತು ಕಮ್ಮಿ. ಪೈಪು ಪೂರ್ತಿ ಬಿಚ್ಚಿದ. ಹೊಸದಾಗಿ ಜೋಡಿಸಿ, ಒಳಗಿನ ಗ್ಯಾಸ್ ವಾಲ್ವ್‌ನಿಂದ ಪೈಪನ್ನು ಬೇರೆ ಮಾಡಿ, ಬರೀ ಪೈಪಿಗೆ ಗಾಳಿ ತುಂಬಿಸಿ ಗೇಜ್ ನೋಡುತ್ತಾ ಕೂತ. ಆ ಪ್ರೆಶರ್ ಒಳಗಿನ ವಾಲ್ವ್‌ಗೆ ಹೋದರೆ ಅದು ಹಾಳಾಗುತ್ತದಂತೆ. ಆಮೇಲೆ ಹೀಟ್ ಹಚ್ಚಿ ಪ್ರೆಶರ್ ಅಳೆಯುವ ಮಾನೋಮೀಟರ್ ಹಾಕಿ ಬರ್ನರಿಗೆ ಹೋಗುವ ಗ್ಯಾಸಿನ ಪ್ರೆಶರನ್ನು 3.5 ಇಂಚಿಗೆ ತಂದ (ಇದನ್ನು ನೀರಿನ ಮಟ್ಟದ ಇಂಚಿನಲ್ಲಿ ಅಳೆಯುತ್ತಾರೆ). ಡಕ್ಟಿಗೆ ಹೋಗುವ ಗಾಳಿ, ವಾಪಸ್ ಬರುವ ಗಾಳಿ, ಎರಡರ ಉಷ್ಣತೆ ಅಳೆದು ಕಳೆದ. 48 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಬಂತು, ಪ್ಲೇಟಿನಲ್ಲಿ 30ರಿಂದ 60 ಅಂತ ಇದೆ. ಮೊದಲು ಬಂದ ಹುಡುಗರು ಇದ್ಯಾವುದನ್ನೂ ಮಾಡಿರಲಿಲ್ಲ, ಬಿಸಿ ಗಾಳಿ ಬಂತಲ್ಲ, ಕೈ ಇಟ್ಟು ನೋಡಿ ಸಾರ್ ಅಂದಿದ್ದರು ಅಷ್ಟೇ.

ಆತ ಅತಿ ಹೆಚ್ಚು ಹೊತ್ತು ಕಳೆದದ್ದು ಡಕ್ಟ್ ಜಾಯಿಂಟಿನಲ್ಲಿ. ಹುಡುಗರು ಬಟ್ಟೆ ಟೇಪು ಸುತ್ತಿದ್ದರು. ಅದನ್ನು ಕಿತ್ತೆಸೆದು ಮಾಸ್ಟಿಕ್ ಬಳಿದ, ಬೂದು ಬಣ್ಣದ ಪೇಸ್ಟು, ರುಬ್ಬಿದ ಉದ್ದಿನ ಹಿಟ್ಟಿನಷ್ಟು ಗಟ್ಟಿ. ಗಾಳಿ ಒಳಕ್ಕೆ ಎಳೆಯುವ ರಿಟರ್ನ್ ಡಕ್ಟಿನ ಕಡೆ ಎರಡು ಸಲ ಬಳಿದ. ಯಾಕೆ ಅಂತ ಕೇಳಿದೆ. ಈ ಡಬ್ಬದಲ್ಲಿ ಹೊಗೆ ಬಿಡುವ ಬಾಯಿ, ಮನೆಯ ಗಾಳಿ ಎಳೆಯುವ ಡಕ್ಟು, ಎರಡೂ ನಾಲ್ಕೇ ಅಡಿ ಅಂತರದಲ್ಲಿರುತ್ತವೆ, ರಿಟರ್ನ್‌ನಲ್ಲಿ ಸಂದು ಇದ್ದರೆ ಅದು ಸುತ್ತ ಏನಿದೆಯೋ ಅದನ್ನೆಲ್ಲ ಹೀರುತ್ತದೆ, ಕ್ರಾಲ್‌ಸ್ಪೇಸ್‌ನ ಬೂಷ್ಟಿನ ಗಾಳಿಯನ್ನೂ, ಹೊಗೆಯನ್ನೂ, ಹೀರಿ ನೇರ ಮಲಗುವ ಕೋಣೆಗೆ ಕೊಡುತ್ತದೆ ಅಂದ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಅನಿಲ ಇದ್ದರೆ ಅಮ್ಮನ ಮೂಗಿಗೂ ಗೊತ್ತಾಗುವುದಿಲ್ಲ, ಅದಕ್ಕೆ ವಾಸನೆಯೇ ಇಲ್ಲ. ಅವತ್ತು ಸಂಜೆಯೇ ಅದನ್ನು ಪತ್ತೆ ಮಾಡುವ ಎರಡು ಅಲಾರಂ ತಂದು ಮಲಗುವ ಕೋಣೆಗಳ ಹೊರಗೆ ಹಾಕಿದೆ. ಡಬ್ಬ ಚೆನ್ನಾಗಿ ಕಾಣಲ್ಲ ಅಂತ ಸುತ್ತ ಜಾಲರಿ ಕಟ್ಟಿ ಮಲ್ಲಿಗೆ ಬಳ್ಳಿ ಹಬ್ಬಿಸುವ ಪ್ಲಾನ್ ನನ್ನ ಹೆಂಡತಿಗೆ ಇತ್ತು. ಹೊಗೆ ಅಲ್ಲೇ ಕಟ್ಟಿಕೊಳ್ಳಬಾರದಲ್ಲ, ಅದೂ ಅಲ್ಲಿಗೇ ನಿಂತಿತು.

ಇನ್ನು ಬಳಕೆ. ಏಸಿ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಜುಲೈ ಸೆಕೆಯಲ್ಲೂ ಮನೆ 75 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ನಿಲ್ಲುತ್ತದೆ. ಮಲಗುವ ಕೋಣೆಯ ಕಿಟಕಿ ಪಕ್ಕವೇ ಡಬ್ಬ ಇರುವುದರಿಂದ ರಾತ್ರಿ ಗುಂಯ್ ಅನ್ನುತ್ತದೆ. ಮೊದಲ ತಿಂಗಳು ಕಿರಿಕಿರಿ, ಈಗ ಅದು ನಿಂತರೇ ಎಚ್ಚರ ಆಗುತ್ತದೆ.

ಹೀಟಿಂಗ್ ಚೆನ್ನಾಗಿದೆ. ಹೀಟ್ ಪಂಪ್ (ಏಸಿಯನ್ನೇ ಉಲ್ಟಾ ಓಡಿಸಿ ಬಿಸಿ ಮಾಡುವ ಕರೆಂಟಿನ ಮಷೀನು) ಇರುವ ಗೆಳೆಯರ ಮನೆಯಲ್ಲಿ ಗಾಳಿ ಉಗುರುಬೆಚ್ಚಗೆ ಬರುತ್ತದೆ, ಇಲ್ಲಿ ಕಾಲಿಗೆ ತಾಗಿದರೆ ಹಿತವಾಗಿ ಬಿಸಿ. ಆದರೆ ಗ್ಯಾಸ್ ಇದೆ, ಕರೆಂಟ್ ಹೋದರೂ ಬೆಚ್ಚಗಿರಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2022ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ಬೆಳಿಗ್ಗೆ, ಹೊರಗೆ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ. ಚಳಿಗೆ ಎಲ್ಲರೂ ಹೀಟರ್ ಹಾಕಿ ಲೋಡು ತಡೆಯಲಾರದೆ ಕ್ಯಾರೊಲಿನಾದ ಎಷ್ಟೋ ಕಡೆ ಸರದಿ ಪ್ರಕಾರ ಕರೆಂಟ್ ತೆಗೆದರು. ಹೌದು, ನಮ್ಮೂರಿನ ಲೋಡ್ ಶೆಡ್ಡಿಂಗ್ ಅಮೆರಿಕದಲ್ಲಿ! ಒಂದು ಗಂಟೆ ಚಿಲ್ಲರೆ ಮನೆ ತಣ್ಣಗಾಯಿತು. ಪೈಪಿನಲ್ಲಿ ಗ್ಯಾಸ್ ಇತ್ತು, ಆದರೆ ಹೊಗೆ ತಳ್ಳುವ ಫ್ಯಾನು, ಕಿಡಿ, ವಾಲ್ವ್, ಬ್ಲೋವರ್ ಎಲ್ಲಕ್ಕೂ ಕರೆಂಟ್ ಬೇಕು. ಒಲೆ ಹಚ್ಚಿ ಮನೆ ಬಿಸಿ ಮಾಡೋಣವಾ ಅಂತ ಮಗಳು ಕೇಳಿದಳು. ಬೇಡ ಅಂದೆ, ಕಂಬಳಿ ಹೊದ್ದು ಕೂತೆವು.

ರಿಪೇರಿ ಎರಡು ಸಲ ಆಗಿದೆ. 2024ರ ಜನವರಿಯಲ್ಲಿ ಹೀಟ್ ಹತ್ತಿಕೊಳ್ಳುವುದು, ಐದು ಸೆಕೆಂಡಿಗೆ ಆರುವುದು, ಮೂರು ಸಲ ಹೀಗೆ ಮಾಡಿ ಆಮೇಲೆ ಮುಷ್ಕರ. ಜ್ವಾಲೆ ಇದೆಯಾ ಅಂತ ನೋಡುವ ಕಡ್ಡಿಯೊಂದು ಒಳಗಿರುತ್ತದೆ, ಫ್ಲೇಮ್ ಸೆನ್ಸರ್, ಅದರ ಮೇಲೆ ಮಸಿ ಕೂತಿತ್ತು. ಹತ್ತು ನಿಮಿಷದ ಕೆಲಸ. ಜನ ಇಂಥ ಹೊತ್ತಲ್ಲಿ ಸೇಫ್ಟಿ ಸ್ವಿಚ್‌ಗಳನ್ನೇ ವೈರ್ ಹಾಕಿ ದಾಟಿಸಿಬಿಡುತ್ತಾರಂತೆ, ಟೆಕ್ನಿಷಿಯನ್ ಹೇಳಿದ. ದೇವರೇ. 2025ರ ಜುಲೈನಲ್ಲಿ ಕೆಪಾಸಿಟರ್ ಹೋಯಿತು, ಫ್ಯಾನು ತಿರುಗದೆ ಸುಮ್ನೆ ಗುರ್ ಅನ್ನುತ್ತಿತ್ತು. ಅದನ್ನು ನೀವೇ ಬದಲಾಯಿಸುವ ವಿಡಿಯೋ ಬೇಕಾದಷ್ಟಿವೆ. ನಾನು ಕೈ ಹಾಕಲಿಲ್ಲ, ಬ್ರೇಕರ್ ಆಫ್ ಮಾಡಿದ ಮೇಲೂ ಅದರೊಳಗೆ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.

ಈಗ ತೆಗೆದುಕೊಳ್ಳುವವರಿಗೆ ಒಂದು ಮಾತು. ನನ್ನದರ ಏಸಿಯೊಳಗೆ ತಣ್ಣಗೆ ಮಾಡಲು ತುಂಬಿಸಿರುವ ಗ್ಯಾಸ್ ಆರ್-410ಎ. 2025ರಿಂದ ಅಮೆರಿಕದಲ್ಲಿ ಹೊಸ ಮನೆ ಏಸಿಗಳನ್ನು ಅದರಲ್ಲಿ ತಯಾರಿಸುವಂತಿಲ್ಲ, ಬರುತ್ತಿರುವುದೆಲ್ಲ ಆರ್-454ಬಿ ಅಥವಾ ಆರ್-32. ಇವು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಜಾತಿ. ಹೆದರುವುದೇನೂ ಬೇಡ, ಆದರೆ ಅದರ ಕೆಲಸ ಕಲಿತವರೇ ಕೂರಿಸಲಿ, ಸೋರಿಕೆ ಸೆನ್ಸರ್ ಇದ್ದರೆ ಅದರ ವೈರ್ ಜೋಡಿಸಿದ್ದಾರಾ ಅಂತ ನಿಂತು ನೋಡಿ.

ಇನ್ನೂ ತಲೆನೋವಾಗಿ ಉಳಿದಿರುವುದು ಡಬ್ಬದ ಕೆಳಗಿನ ಪ್ಯಾಡು. ಇಲ್ಲಿಯ ಮಣ್ಣು ನಮ್ಮ ಕಡೆಯ ಹಾಗೆ ಕೆಂಪು, ಆದರೆ ಜಿಗುಟು ಜೇಡಿ. ಮಳೆಗೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಣ್ಣು ಸರಿಯಾಗಿ ದಮ್ಮಸ್ಸು ಮಾಡದೆ ಪ್ಲಾಸ್ಟಿಕ್ ಪ್ಯಾಡ್ ಇಟ್ಟಿದ್ದರು. ಎರಡನೇ ಬೇಸಿಗೆಗೆ ಡಬ್ಬ ಎಡಕ್ಕೆ ವಾಲಿ, ಏಸಿ ನೀರು ಬಲಗಡೆಯ ಡ್ರೈನಿಗೆ ಹೋಗುವ ಬದಲು ಒಳಗೇ ನಿಂತು, ಬ್ಲೋವರ್ ಕಡೆ ತುಳುಕಿ ಡಕ್ಟಿಗೆ ಇಳಿದಿತ್ತು. ಎತ್ತಿ, ಜಲ್ಲಿ ತುಂಬಿಸಿ ಸರಿಮಾಡಿಸಿದೆ. ಅಲ್ಲಿಂದೀಚೆಗೆ ಮೂರು ತಿಂಗಳಿಗೊಮ್ಮೆ ಫಿಲ್ಟರ್ ಬದಲಾಯಿಸುವಾಗ ಡಬ್ಬದ ಮೇಲೆ ರಸಮಟ್ಟ ಇಟ್ಟು ನೋಡುತ್ತೇನೆ. ಹೋದ ಶನಿವಾರ ನೋಡಿದಾಗ ಗುಳ್ಳೆ ಕೂದಲೆಳೆಯಷ್ಟು ಎಡಕ್ಕಿತ್ತು. ಅಂದರೆ ಎಡಗಡೆ ಸ್ವಲ್ಪ ಎತ್ತರ, ನೀರು ಬಲಕ್ಕೆ, ಡ್ರೈನ್ ಕಡೆಗೇ ಹೋಗುತ್ತದೆ. ಈ ಬೇಸಿಗೆಗೆ ಹಾಗೇ ಬಿಟ್ಟಿದ್ದೇನೆ.