ಅಜ್ಞೇಯವಾದಿಗಳಿಗಾಗಿ ಎಂಟು ವಾರಗಳ ಜೀವನದರ್ಶನ ಕೋರ್ಸ್: ಒಂದು ವಿಮರ್ಶೆ

ದೇವರಿದ್ದಾನೆಂದಾಗಲಿ ಇಲ್ಲವೆಂದಾಗಲಿ ಖಚಿತವಾಗಿ ಹೇಳಲಾರದವರು ತಮ್ಮ ಬದುಕಿನ ದರ್ಶನವನ್ನು ತಾವೇ ಬರೆದುಕೊಳ್ಳಲು ನೆರವಾಗುವ ಎಂಟು ವಾರಗಳ ಆನ್‌ಲೈನ್ ಕೋರ್ಸೊಂದನ್ನು ನಾನು ಈಚೆಗೆ ಮುಗಿಸಿದೆ. ವಾರಕ್ಕೆ ಎರಡು ವಿಡಿಯೋ ಪಾಠ, ಒಂದು ಲಿಖಿತ ಅಭ್ಯಾಸ, ಆರು ಜನರ ಗುಂಪಿನಲ್ಲಿ ಒಂದು ಗಂಟೆಯ ಚರ್ಚೆ ಇರುತ್ತವೆ. ಕೊನೆಯ ವಾರ ಎರಡು ಪುಟ ಮೀರದಂತೆ ಸ್ವಂತ ಜೀವನದರ್ಶನವನ್ನು ಬರೆದು ಒಪ್ಪಿಸಬೇಕು. ನನ್ನ ಆಕ್ಷೇಪಗಳು ಕಲಿಸಿದ ಕ್ರಮಕ್ಕೆ ಸಂಬಂಧಿಸಿದವಾದ್ದರಿಂದ ನಡೆಸುವವರ ಹೆಸರನ್ನು ಇಲ್ಲಿ ತರುವುದಿಲ್ಲ.

ಮೊದಲ ಪಾಠವು ಪದದಿಂದಲೇ ಆರಂಭವಾಗುತ್ತದೆ. 'ಅಜ್ಞೇಯವಾದಿ' ಎಂದು ನಾವು ಕನ್ನಡಿಸಿಕೊಂಡಿರುವ ಇಂಗ್ಲಿಷ್ ಪದವನ್ನು 1869ರಲ್ಲಿ ರೂಪಿಸಿದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ, ಅದು ಮತವಲ್ಲ, ವಿಧಾನ ಎಂದು ಮುಂದೆ 1889ರಲ್ಲಿ ಸ್ಪಷ್ಟಪಡಿಸಿದ. ಬುದ್ಧಿ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ ಹೋಗಬೇಕು, ಸಿದ್ಧವಾಗದ್ದನ್ನು ಸಿದ್ಧವಾಯಿತೆಂದು ನಟಿಸಬಾರದು ಎಂಬುದು ಆ ವಿಧಾನದ ತಿರುಳು. ಬೋಧಕರು ಇದರಿಂದ ತೆಗೆದ ನಿರ್ಣಯ ನನಗೆ ಬಹಳ ಮುಖ್ಯವೆನಿಸಿತು: ನಂಬಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ವಿಧಾನ ಹೇಳಬಲ್ಲದೇ ಹೊರತು, ಕೊಟ್ಟ ಮಾತನ್ನು ಏಕೆ ಉಳಿಸಿಕೊಳ್ಳಬೇಕು, ಯಾರನ್ನು ಯಾವಾಗ ಕ್ಷಮಿಸಬೇಕು ಎಂಬುದನ್ನು ಹೇಳಲಾರದು. ನಾನು ಹಲವು ವರ್ಷ 'ನಾನು ಅಜ್ಞೇಯವಾದಿ' ಎಂದುಕೊಂಡು, ಅದನ್ನೇ ನನ್ನ ಜೀವನದರ್ಶನವೆಂದು ಭಾವಿಸಿದ್ದೆ.

ಮೂರನೆಯ ವಾರದ ಅಭ್ಯಾಸವೇ ಕೋರ್ಸಿನ ಜೀವಾಳ. ನಾವು ನಿಜವಾಗಿ ಪಾಲಿಸುವ ತತ್ತ್ವಗಳನ್ನು ಒಂದರ ಕೆಳಗೊಂದು ಬರೆದು, ದೇವರಿರುವುದು ನಾಳೆ ಖಚಿತವಾದರೆ ಇದು ಬದಲಾಗುವುದೇ, ಇಲ್ಲದಿರುವುದು ಖಚಿತವಾದರೆ ಬದಲಾಗುವುದೇ ಎಂದು ಪ್ರತಿಯೊಂದರ ಮುಂದೆಯೂ ಗುರುತಿಸಬೇಕು. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಸಿಟ್ಟಿನಲ್ಲಿರುವಾಗ ತೀರ್ಮಾನ ತೆಗೆದುಕೊಳ್ಳದಿರುವುದು, ನನಗಿಂತ ದುರ್ಬಲರ ಎದುರು ದನಿ ಏರಿಸದಿರುವುದು, ತಪ್ಪನ್ನು ಒಪ್ಪಿಕೊಳ್ಳಲು ತಡಮಾಡದಿರುವುದು ಮೊದಲಾದ ಹನ್ನೊಂದು ಸಾಲುಗಳು ಎರಡು ಸಂದರ್ಭಗಳಲ್ಲಿಯೂ ಇದ್ದಂತೆಯೇ ಉಳಿದವು. ಉಳಿಯದೆ ಅಲುಗಾಡಿದ ಮೂರರಲ್ಲಿ ಒಂದು ತೀರಿಹೋದವರನ್ನು ಮತ್ತೆ ಕಾಣುವ ಆಸೆ, ಇನ್ನೊಂದು ಅನ್ಯಾಯವಾಗಿ ನೊಂದವರ ಲೆಕ್ಕ ಎಲ್ಲಾದರೂ ಚುಕ್ತಾ ಆಗುತ್ತದೆಂಬ ಭರವಸೆ. ಮೂರನೆಯದು, ನಾನು ಗಳಿಸದೆಯೇ ನನಗೆ ಒದಗಿದ ಒಳಿತಿಗೆ ಕೃತಜ್ಞತೆ ಸಲ್ಲಿಸಬೇಕೆನ್ನುವ ಭಾವ, ಏಕೆಂದರೆ ಆ ಕೃತಜ್ಞತೆ ಯಾರಿಗೆ ಸಲ್ಲಬೇಕೆಂಬುದು ನನಗೆ ತಿಳಿಯಲಿಲ್ಲ. ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನ್ನ ಖಾಸಗಿ ಬರಹಗಳಲ್ಲಿ 'ದೈವಸಂಕಲ್ಪವೋ, ಬರಿಯ ಅಣುಗಳೋ' ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿ, ಎರಡರಲ್ಲಿ ಯಾವುದಾದರೂ ತಾನು ಹೇಗೆ ನಡೆದುಕೊಳ್ಳಬೇಕೆಂದು ಯೋಚಿಸಿದ್ದನ್ನು ಬೋಧಕರು ಇಲ್ಲಿಯೇ ತಂದದ್ದು ಸರಿಯಾದ ಜಾಗದಲ್ಲಿ ಬಂದ ಮಾತಾಗಿತ್ತು.

ಈ ಅಭ್ಯಾಸದಲ್ಲಿ ಒಂದು ದೋಷವೂ ಇದೆ, ಅದನ್ನು ಯಾರೂ ಹೇಳಲಿಲ್ಲ. 'ದೇವರಿದ್ದರೆ' ಎನ್ನುವಾಗ ಎಂಥ ದೇವರು ಎಂಬ ಪ್ರಶ್ನೆಯನ್ನು ಅದು ಬಿಟ್ಟುಬಿಡುತ್ತದೆ. ಜಗತ್ತನ್ನು ಆರಂಭಿಸಿ ಸುಮ್ಮನಾದ ದೇವರಿಂದ ನನ್ನ ಹನ್ನೊಂದು ಸಾಲುಗಳಿಗೆ ಯಾವ ಬಾಧೆಯೂ ಇಲ್ಲ. ನಿರ್ದಿಷ್ಟ ಆಜ್ಞೆಗಳನ್ನು ಕೊಡುವ ದೇವರಾದರೆ ಅವುಗಳಲ್ಲಿ ಎಷ್ಟು ನಿಲ್ಲುತ್ತವೆಯೋ ಹೇಳಲಾಗದು. 'ದೇವರಿದ್ದರೆ' ಎಂಬ ಒಂದೇ ಅಂಕಣದ ಬದಲು ಈ ಎರಡು ಬಗೆಯ ದೇವರಿಗೆ ಎರಡು ಅಂಕಣಗಳನ್ನು ಕೊಟ್ಟಿದ್ದರೆ ಅಭ್ಯಾಸ ಇನ್ನಷ್ಟು ಪ್ರಾಮಾಣಿಕವಾಗುತ್ತಿತ್ತು.

ನಾಲ್ಕನೆಯ ವಾರವನ್ನು ಅವಸರದಲ್ಲಿ ಮುಗಿಸಿದ್ದಾರೆ. ಸಾಕಷ್ಟು ಆಧಾರವಿಲ್ಲದೆ ಏನನ್ನೇ ನಂಬುವುದು ನೈತಿಕವಾಗಿ ತಪ್ಪೆಂದು 1877ರಲ್ಲಿ ವಾದಿಸಿದ ಗಣಿತಜ್ಞ ಕ್ಲಿಫರ್ಡ್‌ಗೆ ಸಿಕ್ಕಷ್ಟು ಸಮಯ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್‌ಗೆ ಸಿಗಲಿಲ್ಲ. ಕೆಲವು ಆಯ್ಕೆಗಳು ಕಾಯುವುದಿಲ್ಲ, ಅಲ್ಲಿ ನಿರ್ಧರಿಸದಿರುವುದೂ ಒಂದು ನಿರ್ಧಾರವೇ ಎಂದು 1896ರಲ್ಲಿ ಜೇಮ್ಸ್ ಹೇಳಿದ ಮಾತು ಅಜ್ಞೇಯವಾದಿಯ ಮೇಲೆ ಬಂದಿರುವ ಅತ್ಯಂತ ಗಟ್ಟಿಯಾದ ಆಕ್ಷೇಪವೆಂದು ನಾನು ತಿಳಿದಿದ್ದೇನೆ. ಅದಕ್ಕೆ ಉತ್ತರಿಸದೆ ಮುಂದೆ ಸಾಗುವುದು ಉಚಿತವಲ್ಲ.

ನನಗೆ ನಿಜವಾಗಿ ನೋವಾದದ್ದು ಆರನೆಯ ವಾರದಲ್ಲಿ. ಸಾವು ಮತ್ತು ಅಗಲಿಕೆಯ ಕುರಿತ ಆ ಪಾಠ, ನಮ್ಮ ಹಿಡಿತದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೆಟಸ್‌ನ ವಿಂಗಡಣೆಯನ್ನು ವಿವರಿಸಿ, ಅದರಿಂದಲೇ ಸಮಾಧಾನ ಸಿಕ್ಕುತ್ತದೆಂಬಂತೆ ಮುಗಿದುಹೋಗುತ್ತದೆ. ಆ ತಿಂಗಳಲ್ಲೇ ನಮ್ಮ ಗುಂಪಿನ ಒಬ್ಬರು ಆಪ್ತರನ್ನು ಕಳೆದುಕೊಂಡಿದ್ದರು, ಮತ್ತು ಆ ದಿನದ ಚರ್ಚೆಯಲ್ಲಿ ಅವರಿಗೆ ಹೇಳಲು ನಮ್ಮಲ್ಲಿ ಯಾರ ಬಳಿಯೂ ಮಾತಿರಲಿಲ್ಲ. ಇಲ್ಲಿ ಬೇಕಾಗಿದ್ದ ಉದಾಹರಣೆ ಮೊದಲ ಪಾಠದ ಹಕ್ಸ್ಲಿಯ ಬದುಕಿನಲ್ಲಿಯೇ ಇತ್ತು. 1860ರಲ್ಲಿ ಅವನ ಮೊದಲ ಮಗು ನೋಯೆಲ್ ನಾಲ್ಕು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಪಾದ್ರಿಯೂ ಲೇಖಕನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿ ಸಾಂತ್ವನ ಹೇಳಿ ಬರೆದಾಗ, ಹಕ್ಸ್ಲಿ ದೀರ್ಘವಾದ ಪತ್ರದಲ್ಲಿ ಉತ್ತರಿಸಿದ: ಆತ್ಮದ ಅಮರತ್ವವನ್ನು ತಾನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ, ನಂಬಲು ಕಾರಣ ಕಾಣುತ್ತಿಲ್ಲ, ಸುಳ್ಳೆಂದು ತೋರಿಸುವ ದಾರಿಯೂ ತನಗಿಲ್ಲ. ಆ ಪದ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ, ಅದು ಅತಿ ಕಠಿಣವಾಗುವ ಹೊತ್ತಿನಲ್ಲಿ, ಆ ನಿಲುವನ್ನು ಒಬ್ಬ ತಂದೆ ಬದುಕಿ ತೋರಿಸಿದ್ದ. ಅವನು ದುಃಖವನ್ನು ಕಿರಿದುಮಾಡಲಿಲ್ಲ, ಕಿಂಗ್ಸ್ಲಿಯ ಪ್ರೀತಿಯನ್ನು ದೂರತಳ್ಳಲೂ ಇಲ್ಲ.

ಪಠ್ಯವು ಪಶ್ಚಿಮದ ಚಿಂತಕರಲ್ಲಿಯೇ ನಿಂತುಬಿಟ್ಟಿರುವುದೂ ಒಂದು ಕೊರತೆ. ಸೃಷ್ಟಿ ಎಲ್ಲಿಂದ ಬಂತೆಂಬುದನ್ನು ಪರಮವ್ಯೋಮದಲ್ಲಿರುವ ಅಧ್ಯಕ್ಷನೂ ಬಲ್ಲನೋ ಇಲ್ಲವೋ ಎಂದು ಕೇಳಿ ನಿಲ್ಲುವ ಋಗ್ವೇದದ ನಾಸದೀಯ ಸೂಕ್ತವಾಗಲಿ, ಲೋಕ ಶಾಶ್ವತವೇ ಎಂದು ಪಟ್ಟುಹಿಡಿದ ಮಾಲುಂಕ್ಯಪುತ್ತನಿಗೆ ಬುದ್ಧ ಹೇಳಿದ, ಹೊಡೆದವನಾರೆಂದು ತಿಳಿಯುವವರೆಗೆ ನಾಟಿದ ಬಾಣವನ್ನು ತೆಗೆಯಗೊಡದವನ ದೃಷ್ಟಾಂತವಾಗಲಿ ಅಲ್ಲಿ ಇಲ್ಲ.

ಅಂತಿಮ ಬರಹಕ್ಕೆ ಬಂದ ಪ್ರತಿಕ್ರಿಯೆ ಚಿಕ್ಕದಾದರೂ ಗಮನವಿಟ್ಟು ಓದಿ ಬರೆದದ್ದಾಗಿತ್ತು. ಕೃತಜ್ಞತೆಯ ಸಾಲನ್ನು ನಾನು ಬಿಟ್ಟಿದ್ದೇಕೆಂದು ಬೋಧಕರು ಕೇಳಿದ್ದರು. ಸಲ್ಲಬೇಕಾದವರು ತಿಳಿಯದಿದ್ದರೂ ಮುಂದಿನವರಿಗೆ ದಾಟಿಸಬಹುದೆಂದು ಬರೆದು ನಾನು ಆ ಸಾಲನ್ನು ಮರಳಿ ಸೇರಿಸಿದೆ. ಉಳಿದ ಎರಡು ಸಾಲುಗಳ ಮುಂದೆ 'ತಿಳಿಯದು' ಎಂದಷ್ಟೇ ಇದೆ. ಮೂರನೆಯ ವಾರಕ್ಕಾಗಿ ಈ ಕೋರ್ಸನ್ನು ನಾನು ಶಿಫಾರಸು ಮಾಡುತ್ತೇನೆ, ಆದರೆ ಈಚೆಗೆ ಯಾರನ್ನಾದರೂ ಕಳೆದುಕೊಂಡವರು ಆರನೆಯ ವಾರವನ್ನು ಸದ್ಯಕ್ಕೆ ಬಿಟ್ಟು ಮುಂದುವರಿಯುವುದು ಒಳ್ಳೆಯದು.